ಏಳಿಗೆಯ ಎದುರು ಯಾವ ಪದ?

ವಿದ್ಯಾರ್ಥಿಗಳಿಗೆಂದು ವಿರುದ್ಧಾರ್ಥಕ ಪದಗಳ ಕೈಪಿಡಿಯೊಂದನ್ನು ಸಿದ್ಧಪಡಿಸುವಾಗ ಸಿರಿ, ಏಳಿಗೆ, ಯಶಸ್ಸುಗಳ ಪುಟವೇ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿತು. ಸಂಸ್ಕೃತದಿಂದ ಬಂದ ಪದಗಳು ಬೇಗನೆ ಮುಗಿದವು: ಉನ್ನತಿಗೆ ಅವನತಿ, ವೃದ್ಧಿಗೆ ಕ್ಷಯ, ಸುಭಿಕ್ಷಕ್ಕೆ ದುರ್ಭಿಕ್ಷ, ಸಫಲಕ್ಕೆ ವಿಫಲ. ಉಪಸರ್ಗವನ್ನು ಕಣ್ಣುಮುಚ್ಚಿ ನಂಬಬಾರದೆಂದು ಮಾತ್ರ ಟಿಪ್ಪಣಿ ಬರೆದೆ. ‘ವಿಫಲ’ದಲ್ಲಿ ಇಲ್ಲವೆನ್ನುವ ‘ವಿ’ ‘ವಿಜಯ’ದಲ್ಲಿ ಗೆಲುವಿಗೇ ಒತ್ತು ಕೊಡುತ್ತದೆ.

ಕ್ರಿಯಾಪದಗಳ ಮಾತು ಬೇರೆ. ನಿಘಂಟು ಅರ್ಥವನ್ನು ಹೇಳುತ್ತದೆಯೇ ಹೊರತು ಎದುರಾಳಿಯನ್ನು ತೋರಿಸುವುದು ಅಪರೂಪವಾದ್ದರಿಂದ, ‘ಅವರ ವ್ಯಾಪಾರ ಏಳಿಗೆ ಹೊಂದಿತು’ ಎಂಬ ಒಂದೇ ವಾಕ್ಯವನ್ನು ಇಟ್ಟುಕೊಂಡು, ಅದರ ಕ್ರಿಯೆಯ ಜಾಗದಲ್ಲಿ ಒಂದೊಂದೇ ಪದವನ್ನು ಕೂರಿಸಿ ನೋಡಿದೆ. ‘ಸೊರಗಿತು’ ಎಂದರೆ ನಿಧಾನವಾದ ಇಳಿತ, ‘ಕುಸಿಯಿತು’ ಎಂದರೆ ಹಠಾತ್ತನೆಯದು. ಗಾಳಿಮಳೆಗೆ ಮಲಗಿದ ಬೆಳೆಗೆ ಹೇಳುವ ‘ನೆಲಕಚ್ಚಿತು’ ವ್ಯಾಪಾರಕ್ಕೂ ಸಲೀಸಾಗಿ ಒಪ್ಪಿತು. ಆದರೆ ಕರ್ತೃವಿನ ಸ್ಥಾನದಲ್ಲಿ ವ್ಯಾಪಾರದ ಬದಲು ವ್ಯಾಪಾರಿಯನ್ನು ನಿಲ್ಲಿಸಿದೊಡನೆ ಬೇರೆಯೇ ಪದಗಳು ಬೇಕಾದವು. ‘ಕೈಸುಟ್ಟುಕೊಂಡರು’ ಎಂಬಲ್ಲಿ ‘ಕೊಳ್ಳು’ ಸೇರಿರುವುದರಿಂದ ತಾವಾಗಿಯೇ ಕೈಹಾಕಿ ನಷ್ಟ ಮಾಡಿಕೊಂಡರೆಂಬ ಧ್ವನಿ ಇದೆ. ಅಂಥವರು ಮತ್ತೆ ವ್ಯಾಪಾರಕ್ಕೆ ಇಳಿಯಬಹುದು. ‘ಬೀದಿಗೆ ಬಿದ್ದರು’ ಎಂದಾಗ ಮನೆಮಂದಿಯೆಲ್ಲ ಜೊತೆಗೇ ಬಿದ್ದ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಇಷ್ಟೆಲ್ಲವನ್ನೂ ‘ನಾಶ’ ಎಂಬ ಒಂದೇ ಪದಕ್ಕೆ ಒಪ್ಪಿಸಿಬಿಡುವ ಪಟ್ಟಿಗಳು ನನಗೆ ಸೋಮಾರಿತನವೆಂದೇ ತೋರುತ್ತವೆ.

ಬಡತನವನ್ನು ಏಳಿಗೆಯ ಎದುರು ಇಡಬೇಕೆಂದು ಕೆಲವರು ಸೂಚಿಸಿದರೂ ನಾನು ಒಪ್ಪಲಿಲ್ಲ. ಬಡತನ ಒಂದು ಸ್ಥಿತಿ, ಅದರ ಜೋಡಿ ಸಿರಿತನ. ಏಳಿಗೆ ಒಂದು ಚಲನೆ, ಆದ್ದರಿಂದ ಅದಕ್ಕೆ ಚಲನೆಯೇ ಎದುರು ನಿಲ್ಲಬೇಕು. ಎಂದೂ ಮೇಲೇರದವರಿಗೆ ಬಡತನ ಇರಬಹುದು, ಅವನತಿ ಇರಲಾರದು.

ಕೊನೆಯವರೆಗೂ ಕಾಡಿದ್ದು ‘ದಿವಾಳಿ’. ‘ಏಳು’ ಎಂಬ ಧಾತುವಿನಿಂದಲೇ ಏಳಿಗೆ ಬಂದಿದೆ. ಆದರೆ ನಮ್ಮ ಆಡುಮಾತಿನಲ್ಲಿ ‘ಅವನು ದಿವಾಳಿ ಎದ್ದ’ ಎನ್ನುತ್ತೇವೆಯೇ ಹೊರತು ‘ದಿವಾಳಿ ಬಿದ್ದ’ ಎನ್ನುವುದಿಲ್ಲ. ಹಾಗಾಗಿ ಈ ಜೋಡಿಯನ್ನು ಪಟ್ಟಿಯೊಳಗೆ ಸೇರಿಸದೆ, ಎರಡು ಉದಾಹರಣೆ ವಾಕ್ಯಗಳೊಡನೆ ಪುಟದ ಅಡಿಯಲ್ಲಿ ಪ್ರತ್ಯೇಕವಾಗಿ ಅಚ್ಚುಮಾಡಿಸಿದೆ.