ಪಕ್ಕದ ಕಟ್ಟಡಕ್ಕೆ ಹೊಡೆದ ಔಷಧಿ, ನಮ್ಮ ತುಡುವೆ ಪೆಟ್ಟಿಗೆ

ಬೆಂಗಳೂರಿನ ವಿದ್ಯಾರಣ್ಯಪುರದ ನಮ್ಮ ಮನೆ ತಾರಸಿಯಲ್ಲಿ ಒಂದು ತುಡುವೆ ಪೆಟ್ಟಿಗೆ ಇದೆ. ತುಡುವೆ ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ತರಬೇತಿ ಮುಗಿಸಿ ಬಂದು ಇಟ್ಟದ್ದು. ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು, ಇರುವೆ ಹತ್ತಬಾರದಲ್ವಾ. ವಾರಕ್ಕೊಮ್ಮೆ ತಳದ ಹಲಗೆ ಗುಡಿಸುತ್ತೇನೆ, ಕಸ ಉಳಿದರೆ ಮೇಣದ ಹುಳು ಸೇರಿಕೊಳ್ಳುತ್ತದೆ. ಇಷ್ಟು ಮಾಡಿದರೆ ಸಾಕು ಅಂದುಕೊಂಡಿದ್ದೆ.

ಹೊಂಗೆ ಹೂ ಬಿಟ್ಟ ಕಾಲ. ಒಂದು ಬೆಳಗ್ಗೆ ಪೆಟ್ಟಿಗೆಯ ಬಾಗಿಲ ಮುಂದೆ ನೂರಾರು ಜೇನುಹುಳು ಬಿದ್ದಿದ್ದವು. ಕೆಲವು ಬೆನ್ನ ಮೇಲೆ ಗಿರಗಿರ ಸುತ್ತುತ್ತಿದ್ದವು. ಸತ್ತವುಗಳ ನಾಲಗೆ ಪೂರ್ತಿ ಹೊರಗೆ ಚಾಚಿತ್ತು. ಮೊದಲು ನೆನಪಾದದ್ದು ಥಾಯ್ ಸ್ಯಾಕ್‌ಬ್ರೂಡ್, 1990ರ ದಶಕದ ಶುರುವಿನಲ್ಲಿ ನಮ್ಮ ಕಡೆ ತುಡುವೆ ಸಾಕಿದವರಿಗೆ ಕಣ್ಣೀರು ಹಾಕಿಸಿದ ರೋಗ. ಆದರೆ ಅದು ಕೊಲ್ಲುವುದು ಮರಿಗಳನ್ನು. ಪೆಟ್ಟಿಗೆಯೊಳಗೆ ಹುಟ್ಟು ಕಟ್ಟಿರುವ ಚೌಕಟ್ಟು ಎತ್ತಿ ನೋಡಿದೆ. ಮರಿಗಳು ಬೆಳ್ಳಗೆ, ಸುರುಳಿ ಸುತ್ತಿಕೊಂಡು ಚೆನ್ನಾಗಿಯೇ ಇದ್ದವು. ಸಾಯುತ್ತಿದ್ದದ್ದು ಹೊರಗೆ ಹೋಗಿ ಬರುವ ದೊಡ್ಡ ಹುಳುಗಳು. ವಿಷವೇ ಇರಬೇಕು ಅನ್ನಿಸಿತು.

ಹುಡುಕುತ್ತಾ ಹೋದೆ. ಹಿಂದಿನ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಎರಡು ದಿನದ ಹಿಂದೆ ಹೆಜ್ಜೇನಿಗೆ ಔಷಧಿ ಹೊಡೆಸಿದ್ದರು. ನೊಣಗಳನ್ನು ಗುಡಿಸಿ ಹಾಕಿ, ಜೇನು ತುಂಬಿದ ಹುಟ್ಟನ್ನು ಹಾಗೇ ನೇತಾಡಲು ಬಿಟ್ಟಿದ್ದರು. ಕಾಯುವವರಿಲ್ಲದ ಜೇನು ಕಂಡರೆ ತುಡುವೆ ಬಿಡುವುದಿಲ್ಲ. ಒಂದು ನೋಡಿ ಬಂದು ಹುಟ್ಟಿನ ಮೇಲೆ ಕುಣಿದು ದಾರಿ ಹೇಳಿದರೆ ಸಾಕು, ಉಳಿದವು ಹೊರಡುತ್ತವೆ. ಆ ಕುಣಿತ ನೋಡುವುದೆಂದರೆ ನನಗೆ ಪ್ರಾಣ. ಆವತ್ತು ಅದೇ ಕುಣಿತ ಅವುಗಳನ್ನು ವಿಷದ ಕಡೆ ಕಳಿಸಿತ್ತು.

ಕತ್ತಲಾದ ಮೇಲೆ ಬಾಗಿಲಿಗೆ ತಂತಿ ಜಾಲರಿ ಕಟ್ಟಿದೆ. ಮೇಲೆ ಒದ್ದೆ ಗೋಣಿಚೀಲ, ಒಳಗೆ ಸಕ್ಕರೆ ಪಾಕ. ಹುಳುಗಳು ಇನ್ನೂ ಮೇಣದ ಮುಚ್ಚಳ ಹಾಕದ ಹೊಸ ಜೇನಿನಲ್ಲಿ ವಿಷ ಇರಬಹುದೆಂದು ಆ ಭಾಗವನ್ನೆಲ್ಲ ಕತ್ತರಿಸಿ ತೆಗೆದೆ. ಮಾರನೆಯ ದಿನ ಅಪಾರ್ಟ್‌ಮೆಂಟಿನ ವಾಚ್‌ಮನ್ ಅಣ್ಣನ ಜೊತೆ ನಿಂತು ಆ ಹೆಜ್ಜೇನಿನ ಹುಟ್ಟನ್ನು ಇಳಿಸಿ ಮಣ್ಣಿನಲ್ಲಿ ಹೂತು ಬಂದೆವು. ಆಮೇಲೇ ಜಾಲರಿ ಬಿಚ್ಚಿದ್ದು. ಏಳು ಚೌಕಟ್ಟಿನಷ್ಟಿದ್ದ ಕುಟುಂಬ ಮೂರಕ್ಕೆ ಇಳಿಯಿತು. ರಾಣಿ ಉಳಿದಳು.

ಮುಂದಿನ ವರ್ಷ ಅಲ್ಲೇ ಮತ್ತೆ ಹೆಜ್ಜೇನು ಬಂತು. ಹಳೇ ಜಾಗಕ್ಕೆ ವಾಪಸ್ ಬರುವುದು ಅವುಗಳ ರೂಢಿ. ಈ ಸಲ ನಾನೇ ಮೊದಲು ಹೋದೆ.

"ಮಕ್ಕಳಿಗೆ ಕಚ್ಚಿದ್ರೆ ಯಾರು ಹೊಣೆ ಮೇಡಂ?" ಅಂದರು ಸಂಘದ ಕಾರ್ಯದರ್ಶಿ. ಹೆದರಿಕೆ ನ್ಯಾಯವೇ. ಹೆಜ್ಜೇನು ಸಿಟ್ಟಾದರೆ ಹಿಂಡಾಗಿ ಬರುತ್ತದೆ.

"ಸರ್, ಆ ಕಡೆ ರಾತ್ರಿ ದೀಪ ಆರಿಸಿ. ದೀಪಕ್ಕೇ ಅವು ಮನೆಯೊಳಗೆ ಬರೋದು. ಹೊಗೆ, ಕಲ್ಲು, ಪಟಾಕಿ ಬೇಡ. ಹೂವಿನ ಕಾಲ ಮುಗಿದ ಮೇಲೆ ಅವೇ ಹೋಗ್ತವೆ," ಅಂದೆ.

ಆ ಬಾಲ್ಕನಿಗಳಿಗೆ ಸೊಳ್ಳೆ ಪರದೆ ಕಟ್ಟಿಸಿದರು, ಆಟದ ಜಾಗವನ್ನು ಇನ್ನೊಂದು ಬದಿಗೆ ಬದಲಿಸಿದರು. ಮಳೆಗಾಲಕ್ಕೆ ಮೊದಲು ಒಂದು ಬೆಳಗ್ಗೆ ಕಾರ್ಯದರ್ಶಿಯವರೇ ಫೋನ್ ಮಾಡಿದರು: "ಮೇಡಂ, ಹೊರಟುಹೋದ್ವು. ಬರೀ ಮೇಣ ಇದೆ."