ಕೊನೆಯ ಎರಡು ನಿಮಿಷ: ಎನ್‌ಎಫ್‌ಎಲ್ ಪಂದ್ಯದಲ್ಲಿ ತಪ್ಪು ಯಾರದೆಂದು ನಿರ್ಣಯಿಸುವ ಬಗೆ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಪಂದ್ಯವೊಂದು ಕೂದಲೆಳೆಯ ಅಂತರದಲ್ಲಿ ಮುಗಿದರೆ, ಸೋತ ತಂಡದ ಅಭಿಮಾನಿಗಳ ಸಿಟ್ಟು ಮೊದಲು ತಿರುಗುವುದು ಪಟ್ಟೆ ಅಂಗಿ ತೊಟ್ಟ ಏಳು ಮಂದಿ ತೀರ್ಪುಗಾರರ ಮೇಲೆ. ಆ ಸಿಟ್ಟಿಗೆ ಕೆಲವು ಸಲ ಪೂರ್ಣ ಆಧಾರವಿರುತ್ತದೆ; ಬಹಳಷ್ಟು ಸಲ ಮಾತ್ರ, ತೀರ್ಪುಗಾರನ ಕೈಗೆ ಪಂದ್ಯದ ಹಣೆಬರಹ ಹೋಗುವ ಮುನ್ನವೇ ತಂಡವು ತನ್ನ ಸಮಯವನ್ನು ತಾನೇ ಪೋಲು ಮಾಡಿಕೊಂಡಿರುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಲು ಕಲಿತರೆ ಆಟದ ಕೊನೆಯ ಭಾಗ ಅರ್ಥವಾಗತೊಡಗುತ್ತದೆ. ಅಮೆರಿಕದಲ್ಲಿ ನೆಲೆಸಿ ಸಹೋದ್ಯೋಗಿಗಳೊಂದಿಗೆ ಭಾನುವಾರದ ಪಂದ್ಯ ನೋಡುವ ಕನ್ನಡಿಗರಿಗೂ, ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗಾಗಿ ಸೋಮವಾರ ಬೆಳಗಿನ ಜಾವ ಐದಕ್ಕೆ ಎದ್ದು ಕೂರುವ ಇಲ್ಲಿನ ಆಸಕ್ತರಿಗೂ ಉಪಯೋಗವಾಗಲೆಂದು ಆ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಮಾಡಬೇಕಾದ ಕೆಲಸವೆಂದರೆ ಚೆಂಡನ್ನು ಬಿಟ್ಟು ಪರದೆಯ ಅಂಚಿನಲ್ಲಿರುವ ಮೂರು ಅಂಕಿಗಳನ್ನು ಓದುವುದು. ಒಂದು, ಹದಿನೈದು ನಿಮಿಷಗಳ ಕ್ವಾರ್ಟರ್‌ನಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಗೇಮ್ ಕ್ಲಾಕ್. ಎರಡು, ಮುಂದಿನ ಆಟ ಆರಂಭಿಸಲು ತಂಡಕ್ಕಿರುವ ಗಡುವನ್ನು ತೋರಿಸುವ ಪ್ಲೇ ಕ್ಲಾಕ್. ಇದು ಸಾಮಾನ್ಯವಾಗಿ ಹಿಂದಿನ ಆಟ ಮುಗಿದ ಕ್ಷಣದಿಂದ 40 ಸೆಕೆಂಡ್, ಟೈಮ್‌ಔಟ್‌ನಂತಹ ನಿಲುಗಡೆಯ ನಂತರ 25 ಸೆಕೆಂಡ್. ಮೂರು, ಪ್ರತಿ ತಂಡದ ಬಳಿ ಉಳಿದಿರುವ ಟೈಮ್‌ಔಟ್‌ಗಳು. ಅರ್ಧ ಪಂದ್ಯಕ್ಕೆ ಮೂರರಂತೆ ಇವು ದೊರೆಯುತ್ತವೆ ಮತ್ತು ಮೊದಲರ್ಧದಲ್ಲಿ ಉಳಿದದ್ದು ಎರಡನೆಯದಕ್ಕೆ ಬರುವುದಿಲ್ಲ. ಇವುಗಳ ಜೊತೆಗೆ ಎರಡೂ ಅರ್ಧಗಳಲ್ಲಿ ಎರಡು ನಿಮಿಷ ಉಳಿದಾಗ ಆಟ ತಾನಾಗಿ ನಿಲ್ಲುತ್ತದೆ. ಹಿಂದೆ ಬಿದ್ದ ತಂಡಕ್ಕೆ ಅದು ಪುಕ್ಕಟೆಯಾಗಿ ಸಿಗುವ ಇನ್ನೊಂದು ಟೈಮ್‌ಔಟ್ ಇದ್ದಂತೆ.

ಗಡಿಯಾರ ಯಾವಾಗ ನಿಲ್ಲುತ್ತದೆ ಎಂಬುದನ್ನು ಕಂಠಪಾಠ ಮಾಡಿಕೊಳ್ಳಬೇಕು. ಪಾಸ್, ಅಂದರೆ ಮುಂದಕ್ಕೆ ಎಸೆದ ಚೆಂಡು, ಕೈಗೆ ಸಿಗದೆ ನೆಲಕ್ಕೆ ಬಿದ್ದರೆ, ಅಂಕ ಬಂದರೆ, ಚೆಂಡು ಎದುರಾಳಿಯ ವಶಕ್ಕೆ ಹೋದರೆ ಅದು ನಿಲ್ಲುತ್ತದೆ. ಆಟಗಾರ ಗೆರೆ ದಾಟಿ ಹೊರಗೆ ಹೋದರೂ ನಿಲ್ಲುತ್ತದೆ. ಆದರೆ ಮೊದಲರ್ಧದ ಕೊನೆಯ ಎರಡು ನಿಮಿಷ ಮತ್ತು ಎರಡನೆಯ ಅರ್ಧದ ಕೊನೆಯ ಐದು ನಿಮಿಷಗಳನ್ನು ಬಿಟ್ಟರೆ, ಚೆಂಡನ್ನು ಮತ್ತೆ ಇಟ್ಟು ರೆಫರಿ ಸನ್ನೆ ಮಾಡಿದೊಡನೆ ಓಡತೊಡಗುತ್ತದೆ. ಇಲ್ಲಿ ಹೊಸ ಪ್ರೇಕ್ಷಕರು ಎಡವುವ ಜಾಗವೊಂದಿದೆ. ಓಟಗಾರನನ್ನು ಎದುರಾಳಿ ಮೈದಾನದೊಳಗೇ ತಡೆದು ಹಿಂದಕ್ಕೆ ತಳ್ಳುತ್ತ ಹೊರಗೆ ಒಯ್ದರೆ, ಅವನ ಮುನ್ನಡೆ ಒಳಗೇ ಮುಗಿಯಿತೆಂದು ತೀರ್ಪುಗಾರ ಪರಿಗಣಿಸುತ್ತಾನೆ, ಗಡಿಯಾರ ಓಡುತ್ತಲೇ ಇರುತ್ತದೆ. ಮನೆಯಲ್ಲಿ ಕುಳಿತವರಿಗೆ ಇದು ಮೋಸದಂತೆ ಕಂಡರೂ ನಿಯಮ ಸ್ಪಷ್ಟವಾಗಿದೆ.

ಇನ್ನು ಲೆಕ್ಕ. ಮುನ್ನಡೆಯಲ್ಲಿರುವ ತಂಡದ ಕ್ವಾರ್ಟರ್‌ಬ್ಯಾಕ್ (ತಂಡದ ಆಟವನ್ನು ನಡೆಸುವ, ಪಾಸ್ ಎಸೆಯುವ ಆಟಗಾರ) ಚೆಂಡು ಪಡೆದು ಸುಮ್ಮನೆ ಮಂಡಿಯೂರಿದರೆ ಎರಡು ಮೂರು ಸೆಕೆಂಡ್ ಹೋಗುತ್ತದೆ; ಆ ಬಳಿಕ ಪ್ಲೇ ಕ್ಲಾಕ್‌ನ ಸುಮಾರು 40 ಸೆಕೆಂಡ್‌ಗಳನ್ನೂ ಕರಗಿಸಬಹುದು. ಹೊಸ ಫಸ್ಟ್ ಡೌನ್ (ಹತ್ತು ಗಜ ಮುನ್ನಡೆಯಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೊದಲನೆಯದು) ಇದ್ದು ಎದುರಾಳಿಯ ಬಳಿ ಒಂದೂ ಟೈಮ್‌ಔಟ್ ಇಲ್ಲದಿದ್ದರೆ ಮೂರು ಸಲ ಮಂಡಿಯೂರುವಷ್ಟರಲ್ಲಿ ಎರಡು ನಿಮಿಷಗಳೇ ಕಳೆದುಹೋಗುತ್ತವೆ. ಎದುರಾಳಿಯ ಪ್ರತಿಯೊಂದು ಟೈಮ್‌ಔಟ್ ಈ ಮೊತ್ತದಿಂದ 40 ಸೆಕೆಂಡ್ ಕಳೆಯುತ್ತದೆ. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ತರಬೇತುದಾರ ಮಾಡುತ್ತಿರುವುದು ಸರಿಯೋ ತಪ್ಪೋ ಎಂಬುದು ಫಲಿತಾಂಶಕ್ಕೆ ಮೊದಲೇ ತಿಳಿಯುತ್ತದೆ. ಮಂಡಿಯೂರುವ ಪದ್ಧತಿ ಗಟ್ಟಿಯಾಗಿ ಬೇರೂರಿದ್ದರ ಹಿಂದೆಯೂ ಒಂದು ಪ್ರಮಾದವಿದೆ. 1978ರ ನವೆಂಬರ್ 19ರಂದು ನ್ಯೂಯಾರ್ಕ್ ಜೈಂಟ್ಸ್ ಗೆದ್ದೇ ಬಿಟ್ಟಿದ್ದ ಪಂದ್ಯದಲ್ಲಿ ಮಂಡಿಯೂರುವ ಬದಲು ಚೆಂಡನ್ನು ಓಟಗಾರನ ಕೈಗೆ ದಾಟಿಸಲು ಹೋಯಿತು. ಚೆಂಡು ಜಾರಿತು, ಫಿಲಡೆಲ್ಫಿಯಾ ಈಗಲ್ಸ್‌ನ ಹರ್ಮ್ ಎಡ್ವರ್ಡ್ಸ್ ಅದನ್ನೆತ್ತಿಕೊಂಡು ಓಡಿ ಟಚ್‌ಡೌನ್ (ಗೋಲ್ ಗೆರೆ ದಾಟಿ ಪಡೆಯುವ ಆರು ಅಂಕ) ಮಾಡಿದರು, ಪಂದ್ಯ 19-17ರಲ್ಲಿ ಈಗಲ್ಸ್ ಪಾಲಾಯಿತು.

ಮೇಲಿನ ಸಲಕರಣೆಗಳನ್ನು ಹಿಡಿದು ಒಂದು ಘಟನೆಯನ್ನು ಹತ್ತಿರದಿಂದ ನೋಡೋಣ. 2022ರ ಜನವರಿ 16ರಂದು ಡಲ್ಲಾಸ್ ಕೌಬಾಯ್ಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ನಡುವಿನ ಪ್ಲೇಆಫ್ ಪಂದ್ಯ. ಡಲ್ಲಾಸ್ 17-23ರಿಂದ ಹಿಂದಿತ್ತು, ಎದುರಾಳಿಯ 41 ಗಜದ ಗೆರೆಯಲ್ಲಿ, ಅಂದರೆ ಗೋಲ್ ಗೆರೆಗೆ 41 ಗಜ ದೂರದಲ್ಲಿತ್ತು, ಉಳಿದದ್ದು 14 ಸೆಕೆಂಡ್, ಟೈಮ್‌ಔಟ್ ಒಂದೂ ಇರಲಿಲ್ಲ. ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಪಾಸ್ ಎಸೆಯದೆ ಮೈದಾನದ ನಟ್ಟನಡುವೆ 17 ಗಜ ಓಡಿ, 24 ಗಜದ ಗೆರೆಯಲ್ಲಿ ಜಾರಿ ಕುಳಿತರು. ಎದ್ದವರೇ ಚೆಂಡನ್ನು ತಮ್ಮ ಸೆಂಟರ್‌ನ (ಪ್ರತಿ ಆಟದ ಆರಂಭದಲ್ಲಿ ಚೆಂಡನ್ನು ಹಿಂದಕ್ಕೆ ದಾಟಿಸುವ ಆಟಗಾರ) ಕೈಗಿತ್ತರು. ಸೆಂಟರ್ ಅದನ್ನು ತಾನೇ ನೆಲದ ಮೇಲಿಟ್ಟು ಸಾಲು ಕಟ್ಟಿ ನಿಂತ. ಆದರೆ ಆಟಗಾರರು ಇಟ್ಟ ಚೆಂಡಿನಿಂದ ಆಟ ಆರಂಭವಾಗುವಂತಿಲ್ಲ, ತೀರ್ಪುಗಾರನೊಬ್ಬ ಅದನ್ನು ಮುಟ್ಟಿ ಸರಿಯಾದ ಜಾಗದಲ್ಲಿ ಇಡಲೇಬೇಕು. ಹಿಂದಿನಿಂದ ಓಡಿಬಂದ ಅಂಪೈರ್ ಆಟಗಾರರ ನಡುವೆ ನುಗ್ಗಿ, ಪ್ರೆಸ್ಕಾಟ್‌ಗೆ ತಾಗಿಕೊಂಡೇ ಚೆಂಡನ್ನು ಸರಿಪಡಿಸುವ ಹೊತ್ತಿಗೆ ಕೊನೆಯ ಸೆಕೆಂಡ್‌ಗಳು ಕರಗಿದವು. ಗಡಿಯಾರ ನಿಲ್ಲಿಸಲು ಚೆಂಡನ್ನು ನೆಲಕ್ಕೆ ಬಡಿಯುವ ಸ್ಪೈಕ್ ಬರುವಷ್ಟರಲ್ಲಿ ಸಮಯ ಮುಗಿದಿತ್ತು. ಅಂಪೈರ್ ಅಡ್ಡ ಬಂದನೆಂದು ಅಂದು ಬಹಳ ಗಲಾಟೆಯಾಯಿತು. ಅವರು ಮಾಡಿದ್ದು ತಮ್ಮ ಕರ್ತವ್ಯವನ್ನು. ಚೆಂಡನ್ನು ನೇರವಾಗಿ ಅವರ ಕೈಗೆ ಕೊಟ್ಟಿದ್ದರೆ ಅಮೂಲ್ಯವಾದ ಒಂದೆರಡು ಸೆಕೆಂಡ್ ಉಳಿಯುತ್ತಿತ್ತು, ಟೈಮ್‌ಔಟ್ ಇಲ್ಲದ ತಂಡ ನಡು ಮೈದಾನದಲ್ಲಿ ಅಷ್ಟು ದೂರ ಓಡದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಹೀಗಾಗಿ ಇಂತಹ ದೃಶ್ಯವನ್ನು ಮರುವೀಕ್ಷಿಸುವಾಗ ಓಟಗಾರ ನೆಲಕ್ಕೆ ಕುಳಿತ ಕ್ಷಣದಿಂದ ಚೆಂಡು ಯಾರ ಯಾರ ಕೈಗೆ ಹೋಯಿತು ಎಂಬುದನ್ನಷ್ಟೇ ಗಮನಿಸಿ. ಉತ್ತರ ಅಲ್ಲಿ ಸಿಗುತ್ತದೆ.

ಡೆಟ್ರಾಯಿಟ್ ಲಯನ್ಸ್‌ಗೆ 2017ರ ಸೆಪ್ಟೆಂಬರ್ 24ರಂದು ಆದದ್ದು ಇದಕ್ಕಿಂತ ಸೂಕ್ಷ್ಮ. ಅಟ್ಲಾಂಟಾ ಫಾಲ್ಕನ್ಸ್ ವಿರುದ್ಧ 26-30ರಿಂದ ಹಿಂದಿದ್ದಾಗ ಗೋಲ್ಡನ್ ಟೇಟ್ ಗೋಲ್ ಗೆರೆಯ ಬಳಿ ಪಾಸ್ ಹಿಡಿದರು, ತೀರ್ಪುಗಾರರು ಟಚ್‌ಡೌನ್ ಎಂದರು, ಗಡಿಯಾರ 8 ಸೆಕೆಂಡ್‌ಗೆ ನಿಂತಿತು. ಮರುಪರಿಶೀಲನೆಯಲ್ಲಿ ಅವರು ಗೆರೆ ದಾಟುವ ಮುನ್ನವೇ ನೆಲಕ್ಕೆ ತಾಗಿದ್ದು ಕಂಡಿತು. ತೀರ್ಪು ಬದಲಾದ ಮೇಲೆ, ಮೊದಲೇ ಸರಿಯಾಗಿ ಹೇಳಿದ್ದರೆ ಗಡಿಯಾರ ಓಡುತ್ತಿತ್ತಲ್ಲವೇ ಎಂಬ ತರ್ಕದ ಮೇಲೆ ಹತ್ತು ಸೆಕೆಂಡ್ ಕಳೆಯುವ ನಿಯಮ ಅನ್ವಯವಾಯಿತು. ಟೈಮ್‌ಔಟ್ ಇದ್ದರೆ ಅದನ್ನು ಬಳಸಿ ಈ ಕಡಿತವನ್ನು ತಪ್ಪಿಸಿಕೊಳ್ಳಬಹುದು. ಡೆಟ್ರಾಯಿಟ್ ಬಳಿ ಇರಲಿಲ್ಲ, ಪಂದ್ಯ ಅಲ್ಲಿಗೇ ಮುಗಿಯಿತು. ನಿಯಮವನ್ನು ಅಂದು ಸರಿಯಾಗಿಯೇ ಅನ್ವಯಿಸಲಾಯಿತು. ಆದರೂ ಅಂದಿನ ಲಯನ್ಸ್ ಅಭಿಮಾನಿಗಳ ನೋವನ್ನು ನಾನು ತಳ್ಳಿಹಾಕಲಾರೆ: ತೀರ್ಪುಗಾರನ ಮೊದಲ ಸನ್ನೆ ತಪ್ಪಾಗಿದ್ದರಿಂದ, ಆ ಎಂಟು ಸೆಕೆಂಡ್‌ಗಳಲ್ಲಿ ಓಡೋಡಿ ಸಾಲು ಕಟ್ಟಿ ಇನ್ನೊಂದು ಆಟ ಆಡುವ ಅವಕಾಶವನ್ನೇ ಆ ತಂಡ ಕಳೆದುಕೊಂಡಿತು. ಅನ್ವಯ ಸರಿಯಾಗಿದ್ದೂ ಫಲ ಅನ್ಯಾಯವಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ತೀರ್ಪುಗಾರರ ಪಾತ್ರವೇ ಇಲ್ಲದ ಪ್ರಮಾದಗಳನ್ನು ಗುರುತಿಸುವುದು ಸುಲಭ. 2005ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಈಗಲ್ಸ್ ಹತ್ತು ಅಂಕ ಹಿಂದಿದ್ದು, 5 ನಿಮಿಷ 40 ಸೆಕೆಂಡ್ ಉಳಿದಾಗ ಚೆಂಡು ಪಡೆದರೂ ಅವಸರವೇ ಇಲ್ಲದಂತೆ ಆಡಿ, ಟಚ್‌ಡೌನ್ ಮಾಡುವಷ್ಟರಲ್ಲಿ 1 ನಿಮಿಷ 48 ಸೆಕೆಂಡ್‌ಗೆ ಬಂದಿತ್ತು. ಮೂರು ಅಂಕಗಳಿಂದ ಸೋತಿತು. 2024ರ ನವೆಂಬರ್ 28ರಂದು ಶಿಕಾಗೊ ಬೇರ್ಸ್ ಮೂರು ಅಂಕ ಹಿಂದಿದ್ದು, ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್ ಚೆಂಡಿನೊಡನೆ ಕೆಡವಲ್ಪಟ್ಟಾಗ ಅರ್ಧ ನಿಮಿಷಕ್ಕೂ ತುಸು ಹೆಚ್ಚು ಉಳಿದಿತ್ತು, ಒಂದು ಟೈಮ್‌ಔಟ್ ಕೈಯಲ್ಲಿತ್ತು. ತರಬೇತುದಾರ ಮ್ಯಾಟ್ ಎಬರ್‌ಫ್ಲೂಸ್ ಅದನ್ನು ಕೇಳಲೇ ಇಲ್ಲ. ಮುಂದಿನ ಸ್ನ್ಯಾಪ್ (ಆಟ ಆರಂಭಿಸಲು ಚೆಂಡನ್ನು ಹಿಂದಕ್ಕೆ ದಾಟಿಸುವುದು) ಆದಾಗ 6 ಸೆಕೆಂಡ್ ಉಳಿದಿತ್ತು, ದೂರದ ಪಾಸ್ ವ್ಯರ್ಥವಾಯಿತು, ಟೈಮ್‌ಔಟ್ ಬಳಕೆಯಾಗದೆ ಉಳಿಯಿತು. ಮರುದಿನವೇ ಅವರನ್ನು ಹುದ್ದೆಯಿಂದ ತೆಗೆಯಲಾಯಿತು.

ಆದರೆ ಸೋಲು ಬಂದ ಮಾತ್ರಕ್ಕೆ ಸಮಯದ ನಿರ್ವಹಣೆ ತಪ್ಪೆಂದು ಹೇಳಬಾರದು. 2015ರ ಫೆಬ್ರುವರಿ 1ರ ಸೂಪರ್ ಬೌಲ್‌ನಲ್ಲಿ ಸಿಯಾಟಲ್ ಸೀಹಾಕ್ಸ್ ಒಂದು ಗಜದ ಗೆರೆಯಲ್ಲಿ ಮಾರ್ಶಾನ್ ಲಿಂಚ್‌ಗೆ ಚೆಂಡು ಕೊಡದೆ ಪಾಸ್ ಎಸೆದು, ಅದನ್ನು ಎದುರಾಳಿ ಮಾಲ್ಕಮ್ ಬಟ್ಲರ್ ಕಸಿದುಕೊಂಡದ್ದನ್ನು ಮೂರ್ಖತನದ ಪರಮಾವಧಿ ಎಂದೇ ಜನ ಬಣ್ಣಿಸುತ್ತಾರೆ. ಅಂಕಿಗಳನ್ನು ಓದಿ: ಸೆಕೆಂಡ್ ಡೌನ್, 26 ಸೆಕೆಂಡ್, ಒಂದೇ ಟೈಮ್‌ಔಟ್. ಮೂರೂ ಪ್ರಯತ್ನಗಳನ್ನು ಆಡಬೇಕಾದರೆ ಒಂದಾದರೂ ಪಾಸ್ ಆಗಿರಲೇಬೇಕು, ಏಕೆಂದರೆ ವಿಫಲ ಪಾಸ್ ಗಡಿಯಾರವನ್ನು ಪುಕ್ಕಟೆಯಾಗಿ ನಿಲ್ಲಿಸುತ್ತದೆ. ಯಾವ ಪಾಸ್ ಆರಿಸಿದರು ಎಂಬುದನ್ನು ಟೀಕಿಸಬಹುದು, ಆದರೆ ಪಾಸ್ ಎಸೆದದ್ದರ ಹಿಂದೆ ಲೆಕ್ಕವಿತ್ತು.

ಈಗ ತೀರ್ಪುಗಾರರ ಕಡೆಗೆ ಬರೋಣ. ಅವರ ತಪ್ಪನ್ನು ತೂಗುವಾಗ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಬೇಕು: ನಿಯಮ ಏನು ಹೇಳುತ್ತದೆ, ಆ ಜಾಗದಲ್ಲಿ ನಿಂತವನಿಗೆ ಏನು ಕಂಡಿರಲು ಸಾಧ್ಯ, ಆ ತೀರ್ಪನ್ನು ವಿಡಿಯೊ ನೋಡಿ ಬದಲಿಸಲು ಅವಕಾಶವಿತ್ತೇ. ಪ್ಲೇ ಕ್ಲಾಕ್ ಸೊನ್ನೆಯಾದ ಮೇಲೆ ಸ್ನ್ಯಾಪ್ ಆದರೂ ದಂಡ ಬೀಳಲಿಲ್ಲವೆಂಬ ಪ್ರತಿ ವಾರದ ದೂರನ್ನೇ ತೆಗೆದುಕೊಳ್ಳಿ. ಬ್ಯಾಕ್ ಜಡ್ಜ್ ಎಂಬ ತೀರ್ಪುಗಾರ ಮೊದಲು ಗಡಿಯಾರ ನೋಡುತ್ತಾನೆ, ಸೊನ್ನೆ ಕಂಡ ಮೇಲೆ ಕಣ್ಣನ್ನು ಚೆಂಡಿನತ್ತ ತಿರುಗಿಸುತ್ತಾನೆ. ಅಷ್ಟರಲ್ಲಿ ಚೆಂಡು ಕದಲಿದ್ದರೆ ತಪ್ಪನ್ನು ಸೂಚಿಸುವ ಫ್ಲ್ಯಾಗ್ ಎಸೆಯುವುದಿಲ್ಲ. ಆ ಅರೆಕ್ಷಣದ ರಿಯಾಯಿತಿ ಎರಡೂ ತಂಡಗಳಿಗೆ ಸಮಾನವಾಗಿ ಸಿಗುವುದರಿಂದ ಇದನ್ನು ಪಕ್ಷಪಾತವೆನ್ನಲಾಗದು.

ಮೂರನೆಯ ಪ್ರಶ್ನೆ ಕ್ರಿಕೆಟ್‌ನ ಡಿಆರ್‌ಎಸ್ ಕಂಡವರಿಗೆ ವಿಚಿತ್ರವೆನಿಸಬಹುದು, ಏಕೆಂದರೆ ಇಲ್ಲಿ ಮರುಪರಿಶೀಲನೆಗೆ ಬಾರದ ತೀರ್ಪುಗಳೇ ಬಹಳ. ತರಬೇತುದಾರನಿಗೆ ಎರಡು ಆಕ್ಷೇಪಗಳಿವೆ; ಅದು ತಿರಸ್ಕೃತವಾದರೆ ಒಂದು ಟೈಮ್‌ಔಟ್ ಹೋಗುತ್ತದೆ, ಟೈಮ್‌ಔಟ್ ಮುಗಿದವನು ಆಕ್ಷೇಪಿಸುವಂತೆಯೇ ಇಲ್ಲ. ಕೊನೆಯ ಎರಡು ನಿಮಿಷಗಳಲ್ಲಿ ಮರುಪರಿಶೀಲನೆ ಬೇಕೇ ಎಂದು ನಿರ್ಧರಿಸುವವರು ಮೇಲಿನ ಕೊಠಡಿಯಲ್ಲಿರುವ ರಿಪ್ಲೇ ಅಧಿಕಾರಿಗಳು. 2023ರ ಡಿಸೆಂಬರ್ 30ರಂದು ಡೆಟ್ರಾಯಿಟ್, ಡಲ್ಲಾಸ್ ವಿರುದ್ಧ 23 ಸೆಕೆಂಡ್ ಉಳಿದಾಗ ಟಚ್‌ಡೌನ್ ನಂತರ ಸಿಗುವ ಎರಡು ಅಂಕಗಳ ಪ್ರಯತ್ನದಲ್ಲಿ ಟೇಲರ್ ಡೆಕರ್ ಎಂಬ ಲೈನ್‌ಮನ್‌ಗೆ (ಮುಂಚೂಣಿಯಲ್ಲಿ ಎದುರಾಳಿಗಳನ್ನು ತಡೆಯುವ, ಸಾಮಾನ್ಯವಾಗಿ ಪಾಸ್ ಹಿಡಿಯಲು ಅರ್ಹನಲ್ಲದ ಆಟಗಾರ) ಪಾಸ್ ಎಸೆದು ಮುನ್ನಡೆ ಪಡೆದಂತೆ ಕಂಡಿತು. ಅಂತಹ ಆಟಗಾರ ಪಾಸ್ ಹಿಡಿಯಬೇಕಾದರೆ ತಾನು ಅರ್ಹನೆಂದು ರೆಫರಿಗೆ ಮುಂಚೆ ತಿಳಿಸಬೇಕು. ರೆಫರಿ ಬ್ರ್ಯಾಡ್ ಅಲೆನ್ ಘೋಷಿಸಿದ್ದು 70ನೇ ಸಂಖ್ಯೆಯ ಡ್ಯಾನ್ ಸ್ಕಿಪ್ಪರ್‌ನನ್ನು, 68ನೇ ಸಂಖ್ಯೆಯ ಡೆಕರ್‌ನನ್ನಲ್ಲ. ಅಂಕ ರದ್ದಾಯಿತು, ಪಂದ್ಯ 20-19ರಲ್ಲಿ ಡಲ್ಲಾಸ್‌ಗೆ ಹೋಯಿತು. ಎದುರಾಳಿಯನ್ನು ಗೊಂದಲಕ್ಕೀಡುಮಾಡಲು ಹಲವು ಲೈನ್‌ಮನ್‌ಗಳು ಒಟ್ಟಿಗೆ ರೆಫರಿಯತ್ತ ಹೋಗಿದ್ದರೆಂಬುದು ನಿಜ. ಆದರೂ ಯಾರು ತಿಳಿಸಿದರೆಂದು ಖಚಿತಪಡಿಸಿಕೊಳ್ಳುವುದು ರೆಫರಿಯ ಹೊಣೆಯೆಂದೇ ನಾನು ಭಾವಿಸುತ್ತೇನೆ.

ಎರಡೂ ಬಗೆಯ ತಪ್ಪುಗಳು ಹೆಣೆದುಕೊಂಡಿರುವ ಪಂದ್ಯವೆಂದರೆ 2019ರ ಜನವರಿ 20ರಂದು ನ್ಯೂ ಆರ್ಲಿಯನ್ಸ್ ಸೇಂಟ್ಸ್ ಮತ್ತು ಲಾಸ್ ಏಂಜಲೀಸ್ ರ‍್ಯಾಮ್ಸ್ ನಡುವೆ ನಡೆದದ್ದು. 20-20ರ ಸಮಬಲದಲ್ಲಿ ಎರಡು ನಿಮಿಷಕ್ಕಿಂತ ಕಡಿಮೆ ಉಳಿದಾಗ, ಚೆಂಡು ಬರುವ ಮುನ್ನವೇ ರ‍್ಯಾಮ್ಸ್‌ನ ನಿಕೆಲ್ ರೋಬಿ-ಕೋಲ್ಮನ್ ಸೇಂಟ್ಸ್‌ನ ಟಾಮಿಲೀ ಲೂಯಿಸ್‌ಗೆ ಡಿಕ್ಕಿ ಹೊಡೆದು ಕೆಡವಿದರು, ಫ್ಲ್ಯಾಗ್ ಬೀಳಲಿಲ್ಲ. ಇದು ಕಣ್ಣಿಗೆ ರಾಚುವ ತಪ್ಪು. ಫ್ಲ್ಯಾಗ್ ಬಿದ್ದಿದ್ದರೆ ಸೇಂಟ್ಸ್ ಹೊಸ ಫಸ್ಟ್ ಡೌನ್ ಪಡೆದು, ಮಂಡಿಯೂರಿ ಸಮಯವನ್ನು ಬಹುಪಾಲು ಕರಗಿಸಿ ಕೊನೆಗೆ ಹತ್ತಿರದಿಂದ ಮೂರು ಅಂಕ ತರುವ ಫೀಲ್ಡ್ ಗೋಲ್ ಒದೆಯಬಹುದಿತ್ತು. ಆದರೆ ಎರಡು ಆಟ ಹಿಂದೆ ಹೋಗಿ ನೋಡಿ. 13 ಗಜದ ಗೆರೆಯಲ್ಲಿ ಫಸ್ಟ್ ಡೌನ್ ಇದ್ದಾಗ ಸೇಂಟ್ಸ್ ಓಡುವ ಬದಲು ಪಾಸ್ ಎಸೆಯಿತು, ಅದು ನೆಲಕ್ಕೆ ಬಿತ್ತು, ಗಡಿಯಾರ ತಾನಾಗಿ ನಿಂತಿತು, ರ‍್ಯಾಮ್ಸ್ ಒಂದು ಟೈಮ್‌ಔಟ್ ಉಳಿಸಿಕೊಂಡಿತು. ಸೇಂಟ್ಸ್ ಫೀಲ್ಡ್ ಗೋಲ್‌ನಿಂದ 23-20ರ ಮುನ್ನಡೆ ಪಡೆದರೂ, ಆ ಉಳಿಕೆಯ ಸಮಯದಲ್ಲಿಯೇ ರ‍್ಯಾಮ್ಸ್ ಮೈದಾನ ದಾಟಿ ಬಂದು 23-23 ಮಾಡಿ, ಹೆಚ್ಚುವರಿ ಅವಧಿಯಲ್ಲಿ ಗ್ರೆಗ್ ಝೂರ್ಲಿನ್ ಒದ್ದ 57 ಗಜದ ಫೀಲ್ಡ್ ಗೋಲ್‌ನಿಂದ ಗೆದ್ದಿತು. ಪಾಸ್‌ಗೆ ಅಡ್ಡಿಪಡಿಸುವ ತಪ್ಪನ್ನೂ ಮರುಪರಿಶೀಲಿಸಬಹುದೆಂಬ ನಿಯಮವನ್ನು ಲೀಗ್ ಈ ಘಟನೆಯಿಂದಾಗಿಯೇ ತಂದು, 2019ರ ಒಂದೇ ಋತುವಿನ ನಂತರ ಕೈಬಿಟ್ಟಿತು.

ಪಂದ್ಯ ಮುಗಿದ ಮೇಲೂ ಕೆಲಸ ಬಾಕಿಯಿರುತ್ತದೆ. ಪ್ರತಿ ಆಟ ಯಾವ ಸೆಕೆಂಡ್‌ನಲ್ಲಿ ಆರಂಭವಾಯಿತೆಂಬ ದಾಖಲೆಯನ್ನು ಲೀಗ್ ಪ್ರಕಟಿಸುತ್ತದೆ. ವಿವಾದದ ಕ್ಷಣದಿಂದ ಏಳೆಂಟು ಆಟ ಹಿಂದೆ ಸರಿದು, ಟೈಮ್‌ಔಟ್‌ಗಳು ಎಲ್ಲಿ ಖರ್ಚಾದವೆಂದು ಅದರಲ್ಲಿ ಗುರುತು ಹಾಕಿಕೊಳ್ಳಿ. ವಿವಾದ ದೊಡ್ಡದಾದಾಗ ಪತ್ರಕರ್ತರ ಪರವಾಗಿ ಒಬ್ಬರು ರೆಫರಿಯನ್ನು ಕಂಡು ಪ್ರಶ್ನೆ ಕೇಳುತ್ತಾರೆ, ಆ ಉತ್ತರಗಳು ಅದೇ ರಾತ್ರಿ ಹೊರಬರುತ್ತವೆ. ಅವನ್ನು ಓದುವಾಗ, ತಾನು ಏನನ್ನು ಕಂಡೆನೆಂದು ರೆಫರಿ ಹೇಳುತ್ತಿದ್ದಾನೆಯೇ ಅಥವಾ ನಿಯಮವನ್ನಷ್ಟೇ ಪುನರುಚ್ಚರಿಸುತ್ತಿದ್ದಾನೆಯೇ ಎಂಬುದನ್ನು ಗಮನಿಸಬೇಕು. ಮೊದಲನೆಯದಾದರೆ ಅವನ ಮಾತನ್ನು ವಿಡಿಯೊದೊಡನೆ, ಎರಡನೆಯದಾದರೆ ನಿಯಮಪುಸ್ತಕದೊಡನೆ ಹೋಲಿಸಿ ನೋಡಿ.