ವಿವಾದದ ನಿರ್ದೇಶಕನ ಮೇಲೆ ಸಿನಿಮಾ ಬರ್ತಿದೆಯಾ? ಕಾಯುವಷ್ಟು ದಿನ ಇಷ್ಟು ಮಾಡಿ

ಟ್ರೇಲರ್ ಬಂದ ದಿನವೇ ಜಗಳ ಶುರು. ಯಾವುದೋ ದೊಡ್ಡ ನಿರ್ದೇಶಕನ ಬದುಕಿನ ಮೇಲೆ ಸಿನಿಮಾ ಬರುತ್ತಿದೆ ಅಂತ ಗೊತ್ತಾದರೆ ಸಾಕು, ಶಿವಮೊಗ್ಗದ ನಮ್ಮ ಸಿನಿಮಾ ಹುಚ್ಚರ ಗುಂಪು ಎರಡು ಪಾಲಾಗುತ್ತದೆ. ಅಂಥ ಮನುಷ್ಯನನ್ನು ಯಾಕೆ ಮೆರೆಸಬೇಕು ಅಂತ ಒಬ್ಬರು, ಅಂಥ ಕಲಾವಿದನ ಹೆಸರು ಕೆಡಿಸೋಕೆ ಹೊರಟಿದ್ದಾರೆ ಅಂತ ಇನ್ನೊಬ್ಬರು. ಸಿನಿಮಾ ಇನ್ನೂ ಬಂದೇ ಇಲ್ಲ. ಬಹಳ ಸಲ ಆ ನಿರ್ದೇಶಕ ಮಾಡಿದ ಒಂದು ಸಿನಿಮಾವನ್ನೂ ಇಬ್ಬರೂ ಪೂರ್ತಿ ನೋಡಿರುವುದಿಲ್ಲ.

ಟ್ರೇಲರ್‌ಗೂ ಬಿಡುಗಡೆಗೂ ನಡುವೆ ಹೇಗೂ ಒಂದಷ್ಟು ತಿಂಗಳು ಸಿಗುತ್ತದೆ. ಅದನ್ನು ಪೋಸ್ಟರ್ ಹಂಚಿಕೊಳ್ಳುವುದರಲ್ಲಿ ಕಳೆಯಬೇಡಿ.

ಮೊದಲ ಕೆಲಸ, ಈ ಕಥೆ ಯಾರ ಬಾಯಿಂದ ಬರುತ್ತಿದೆ ಅಂತ ಪತ್ತೆ ಮಾಡುವುದು. ಪೋಸ್ಟರ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಇಂಥ ಪುಸ್ತಕ ಆಧರಿಸಿದ್ದು ಅಂತ ಇರುತ್ತದೆ, ಯಾರೂ ಓದುವುದಿಲ್ಲ. ಅಲ್ಲೇ ಅರ್ಧ ಉತ್ತರ ಇದೆ. 2012ನ್ನೇ ನೋಡಿ. ಸಸ್ಪೆನ್ಸ್ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಮೇಲೆ ಅದೊಂದೇ ವರ್ಷ ಎರಡು ಸಿನಿಮಾ ಬಂದವು. ಒಂದು 'ಹಿಚ್‌ಕಾಕ್', ಆಂಥನಿ ಹಾಪ್ಕಿನ್ಸ್ ನಟಿಸಿದ್ದು. ಹಿಚ್‌ಕಾಕ್ ಅವರ 'ಸೈಕೋ' ಚಿತ್ರ ಹೇಗೆ ತಯಾರಾಯಿತು ಅನ್ನುವುದರ ಬಗ್ಗೆ ಸ್ಟೀಫನ್ ರೆಬೆಲ್ಲೊ ಬರೆದ ಪುಸ್ತಕ ಅದಕ್ಕೆ ಆಧಾರ. ಅದರಲ್ಲಿ ಹಿಚ್‌ಕಾಕ್ ಹಟಮಾರಿ, ತಿಂಡಿಪೋತ, ಹೆಂಡತಿ ಆಲ್ಮಾ ಇಲ್ಲದಿದ್ದರೆ ಕೈಕಾಲು ಆಡದ ಗಂಡ. ನಗು ಬರುತ್ತದೆ. ಇನ್ನೊಂದು ಟಿವಿಗಾಗಿ ಮಾಡಿದ 'ದಿ ಗರ್ಲ್'. ಟೋಬಿ ಜೋನ್ಸ್ ನಟನೆ, ಡೊನಾಲ್ಡ್ ಸ್ಪೋಟೊ ಬರೆದ ಪುಸ್ತಕ ಆಧಾರ. 'ದಿ ಬರ್ಡ್ಸ್' ಮತ್ತು 'ಮಾರ್ನಿ' ಚಿತ್ರಗಳ ನಟಿ ಟಿಪ್ಪಿ ಹೆಡ್ರನ್ ಪಟ್ಟ ಪಾಡು ಅದರ ಕಥೆ. ಇಲ್ಲಿ ಅದೇ ಮನುಷ್ಯ ಕಿರುಕುಳ ಕೊಡುವವನು. ಒಂದೇ ವ್ಯಕ್ತಿ, ಒಂದೇ ವರ್ಷ, ಆದರೆ ಕಥೆ ಹೇಳಿದವರು ಬೇರೆ. ಒಂದನ್ನೇ ನೋಡಿ ಸುಮ್ಮನಾದವರಿಗೆ ಹಿಚ್‌ಕಾಕ್ ಅರ್ಧವೇ ಗೊತ್ತು.

ನಿರ್ದೇಶಕ ಜಾನ್-ಲುಕ್ ಗೊದಾರ್ ಮೇಲೆ 2017ರಲ್ಲಿ ಬಂದ ಫ್ರೆಂಚ್ ಚಿತ್ರವೂ ಹಾಗೆಯೇ. ಅದು ಅವನಿಂದ ದೂರವಾದ ಹೆಂಡತಿ ಆನ್ ವಿಯಾಜೆಮ್ಸ್ಕಿ ಬರೆದ ನೆನಪುಗಳ ಮೇಲೆ ನಿಂತಿದೆ. ಮುರಿದುಬೀಳುತ್ತಿರುವ ಮದುವೆಯ ಒಳಗಿಂದ ನೋಡಿದ ಗೊದಾರ್ ಅವನು. ಹಾಗಂತ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಯಾವ ಕಿಟಕಿಯಿಂದ ನೋಡುತ್ತಿದ್ದೇವೆ ಅಂತ ಗೊತ್ತಿರಲಿ, ಅಷ್ಟೇ.

ಎರಡನೆಯದು, ಆ ನಿರ್ದೇಶಕನ ಸಿನಿಮಾಗಳನ್ನೇ ನೋಡಿ. ಎಲ್ಲ ಬೇಡ, ಮೂರು ಸಾಕು: ಎಲ್ಲರೂ ಹೊಗಳುವ ಒಂದು, ಗಲಾಟೆಯಾದ ಒಂದು, ಬರಲಿರುವ ಸಿನಿಮಾದ ಕಥೆ ನಡೆಯುವ ಕಾಲದಲ್ಲಿ ಅವರು ಮಾಡುತ್ತಿದ್ದ ಒಂದು. ಹಿಚ್‌ಕಾಕ್ ಆದರೆ ಕಷ್ಟವಿಲ್ಲ. 'ಸೈಕೋ' 1960, 'ದಿ ಬರ್ಡ್ಸ್' 1963, 'ಮಾರ್ನಿ' 1964, ಮೂರೂ ಒಂದು ವಾರಾಂತ್ಯಕ್ಕೆ ಆಗುತ್ತದೆ. 'ಸೈಕೋ' ಸ್ನಾನದ ದೃಶ್ಯದ ರಕ್ತ ಚಾಕೊಲೇಟ್ ಸಿರಪ್ ಅಂತ ಮೊದಲೇ ಹೇಳಿಬಿಟ್ಟರೆ ಹೆದರುವವರೂ ಕೂತು ನೋಡುತ್ತಾರೆ.

ಪಾಸೊಲಿನಿ ವಿಷಯಕ್ಕೆ ಬಂದರೆ ಮಾತ್ರ ಎಚ್ಚರ. ಇಟಲಿಯ ಈ ಕವಿ-ನಿರ್ದೇಶಕನ ಕೊನೆಯ ದಿನದ ಮೇಲೆ ಏಬಲ್ ಫೆರಾರಾ 2014ರಲ್ಲಿ ಸಿನಿಮಾ ಮಾಡಿದರು, ಪಾಸೊಲಿನಿಯಾಗಿ ವಿಲೆಮ್ ಡಫೊ ನಟಿಸಿದರು. ಅದಕ್ಕೆ ತಯಾರಿ ಅಂತ ಹುರುಪಿನಲ್ಲಿ ನೇರ ಪಾಸೊಲಿನಿಯ 'ಸಾಲೊ' ಚಿತ್ರ ಹಾಕಿಕೊಂಡು ಕೂರಬೇಡಿ. ಹಿಂಸೆ, ಲೈಂಗಿಕ ಕ್ರೌರ್ಯ ಎರಡೂ ವಿಪರೀತ. ಹತ್ತು ನಿಮಿಷಕ್ಕೆ ಎದ್ದು ಹೋದರೆ ಆ ಮನುಷ್ಯನ ಬಗ್ಗೆ ಅದೊಂದೇ ಅಭಿಪ್ರಾಯ ಉಳಿದುಬಿಡುತ್ತದೆ. ಯೇಸುವಿನ ಬದುಕಿನ ಬಗ್ಗೆ ಅವರು 1964ರಲ್ಲಿ ಮಾಡಿದ ಕಪ್ಪು-ಬಿಳುಪು ಚಿತ್ರದಿಂದ ಶುರು ಮಾಡಿ. ನಟರೇ ಅಲ್ಲದವರನ್ನು ಹಾಕಿಕೊಂಡು ಮಾಡಿದ್ದು, ವಯಸ್ಸಾದ ಮೇರಿಯಾಗಿ ಸ್ವಂತ ತಾಯಿಯನ್ನೇ ನಿಲ್ಲಿಸಿದ್ದಾರೆ. ನಾಸ್ತಿಕ, ಮಾರ್ಕ್ಸ್‌ವಾದಿ ಅಂತ ಹೇಳಿಕೊಂಡವನು ಇದನ್ನು ಹೇಗೆ ಮಾಡಿದ ಅನ್ನುವ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಉಳಿದದ್ದು ನೋಡಿ.

ಇನ್ನು ಮುಖ್ಯ ಕೆಲಸ, ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗದ್ದು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ. ಒಂದು ದಾಖಲೆ ಇರುವುದು, ಎರಡು ಯಾರೋ ಒಬ್ಬರು ಹೇಳಿದ್ದು, ಮೂರು ಕಥೆ ಬರೆದವರು ಕಟ್ಟಿದ್ದು. ಓದಿದ್ದನ್ನು, ಆಮೇಲೆ ಸಿನಿಮಾದಲ್ಲಿ ನೋಡಿದ್ದನ್ನು ಈ ಮೂರರಲ್ಲಿ ಒಂದಕ್ಕೆ ಹಾಕುತ್ತಾ ಹೋಗಿ.

ಪಾಸೊಲಿನಿಯನ್ನು 1975ರ ನವೆಂಬರ್ 2ರ ನಸುಕಿನಲ್ಲಿ ರೋಮ್ ಹತ್ತಿರದ ಓಸ್ಟಿಯಾದಲ್ಲಿ ಕೊಂದರು. ಮೊದಲ ಕಾಲಂ. 17 ವರ್ಷದ ಹುಡುಗನೊಬ್ಬ ಸಿಕ್ಕಿಬಿದ್ದ, ಅವನಿಗೆ ಶಿಕ್ಷೆಯೂ ಆಯಿತು. ಇದೂ ಮೊದಲ ಕಾಲಂ. ಆದರೆ ಅದೇ ಮನುಷ್ಯ 2005ರಲ್ಲಿ ತಾನು ಕೊಂದಿಲ್ಲ, ಬೇರೆಯವರು ಬಂದು ಕೊಂದರು ಅಂದ. ಅದು ಎರಡನೇ ಕಾಲಂ. ಆ ರಾತ್ರಿ ಏನಾಯಿತು ಅಂತ ಯಾವ ಸಿನಿಮಾ ತೋರಿಸಿದರೂ ಅದು ಮೂರನೆಯದಕ್ಕೆ ಹೋಗಬೇಕು.

ಹೆಡ್ರನ್ ವಿಷಯ ಇನ್ನೂ ಸೂಕ್ಷ್ಮ. 'ದಿ ಬರ್ಡ್ಸ್' ಚಿತ್ರದ ಅಟ್ಟದ ದೃಶ್ಯಕ್ಕೆ ಯಂತ್ರದ ಹಕ್ಕಿ ಬಳಸುತ್ತೇವೆ ಅಂತ ಹೇಳಿ, ಕೊನೆಗೆ ಜೀವಂತ ಹಕ್ಕಿಗಳನ್ನೇ ದಿನಗಟ್ಟಲೆ ತನ್ನ ಮೇಲೆ ಎಸೆದರು ಅಂತ ಅವರು ಹೇಳಿದ್ದಾರೆ. ಅವರು ಸುಸ್ತಾಗಿ ಕುಸಿದದ್ದನ್ನು, ವೈದ್ಯರು ವಿಶ್ರಾಂತಿಗೆ ಕಳಿಸಿದ್ದನ್ನು ಚಿತ್ರೀಕರಣದ ಬಗ್ಗೆ ಬರೆದವರೂ ದಾಖಲಿಸಿದ್ದಾರೆ. ಲೈಂಗಿಕ ಕಿರುಕುಳದ ಆರೋಪವನ್ನು 2016ರ ಆತ್ಮಕಥೆಯಲ್ಲಿ ಅವರೇ ಬಿಡಿಸಿ ಬರೆದರು. ಹಿಚ್‌ಕಾಕ್ 1980ರಲ್ಲೇ ತೀರಿಕೊಂಡಿದ್ದರು, ಉತ್ತರ ಕೊಡಲು ಅವರಿಲ್ಲ. ಹಿಚ್‌ಕಾಕ್ ಅವರದೇ 'ವರ್ಟಿಗೊ' ಚಿತ್ರದ ನಟಿ ಕಿಮ್ ನೊವಾಕ್ ತಾನು ಅಂಥದ್ದನ್ನು ನೋಡಿಲ್ಲ ಅಂದರು. ಇಲ್ಲಿ ಬಹಳ ಜನ ಎಡವುತ್ತಾರೆ. ನೊವಾಕ್ ನೋಡಿಲ್ಲ ಅಂದರೆ ಹೆಡ್ರನ್‌ಗೆ ಆಗಿಲ್ಲ ಅಂತ ಅರ್ಥವಲ್ಲ. ಎರಡೂ ಎರಡನೇ ಕಾಲಮ್ಮಿನಲ್ಲೇ ಇರಲಿ, ಒಂದನ್ನು ತಂದು ಇನ್ನೊಂದನ್ನು ಹೊಡೆದುಹಾಕಬೇಡಿ. ಎರಡನೇ ಕಾಲಂ ಅಂದರೆ ಸುಳ್ಳಿನ ಕಾಲಂ ಅಲ್ಲ. ಇಂಥ ಘಟನೆಗಳು ಮುಚ್ಚಿದ ಬಾಗಿಲ ಹಿಂದೆ ಆಗುತ್ತವೆ, ದಾಖಲೆ ಎಲ್ಲಿಂದ ಬರಬೇಕು?

ಮೂರನೇ ಕಾಲಂ ಕಂಡರೆ ಕೋಪ ಮಾಡಿಕೊಳ್ಳುವವರೂ ಇದ್ದಾರೆ. ಬೇಡ. ಟಿಮ್ ಬರ್ಟನ್ 1994ರಲ್ಲಿ ಮಾಡಿದ 'ಎಡ್ ವುಡ್' ನೋಡಿ. ಜಗತ್ತಿನ ಅತಿ ಕೆಟ್ಟ ನಿರ್ದೇಶಕ ಅಂತ ಹೆಸರಾದವನ ಮೇಲೆ ಬಂದ ಬಹಳ ಪ್ರೀತಿಯ ಸಿನಿಮಾ ಅದು. ಅದರಲ್ಲಿ ಎಡ್ ವುಡ್ ಒಂದು ಬಾರಿನಲ್ಲಿ ಹೆಸರಾಂತ ನಿರ್ದೇಶಕ ಆರ್ಸನ್ ವೆಲ್ಸ್ ಜೊತೆ ಕೂತು ಮಾತಾಡುತ್ತಾನೆ. ಅಂಥ ಭೇಟಿ ನಡೆದೇ ಇಲ್ಲ. ಆದರೂ ಇಡೀ ಚಿತ್ರದ ಜೀವ ಆ ದೃಶ್ಯದಲ್ಲಿದೆ. ಅದೇ ಚಿತ್ರದಲ್ಲಿ ಹಳೆಯ ಹಾರರ್ ಚಿತ್ರಗಳ ನಟ ಬೆಲಾ ಲುಗೋಸಿ ಬಾಯಿಗೆ ಬಂದಂತೆ ಬೈಯುತ್ತಾನೆ, ನಮ್ಮಪ್ಪ ಹಾಗೆ ಬೈಯುವವರೇ ಅಲ್ಲ ಅಂತ ಮಗ ಬೇಸರ ಮಾಡಿಕೊಂಡರು. ಆ ಪಾತ್ರಕ್ಕೆ ಮಾರ್ಟಿನ್ ಲ್ಯಾಂಡೊಗೆ ಆಸ್ಕರ್ ಬಂತು. ಕಟ್ಟಿದ್ದು ಒಂದು ಕಡೆ ಚಿತ್ರವನ್ನು ಎತ್ತುತ್ತದೆ, ಇನ್ನೊಂದು ಕಡೆ ಯಾರದೋ ಮನೆಯವರನ್ನು ನೋಯಿಸುತ್ತದೆ.

ಹೆಸರು ಬದಲಾಯಿಸಿದ್ದಾರಾ ಅಂತಲೂ ನೋಡಿ. ಹಾಲಿವುಡ್ ನಿರ್ದೇಶಕ ಜಾನ್ ಹ್ಯೂಸ್ಟನ್ ಆಫ್ರಿಕಾದಲ್ಲಿ ಶೂಟಿಂಗ್ ಬಿಟ್ಟು ಆನೆ ಬೇಟೆಗೆ ಅಲೆದದ್ದರ ಮೇಲೆ ಒಂದು ಕಾದಂಬರಿ ಬಂದಿತ್ತು. ಕ್ಲಿಂಟ್ ಈಸ್ಟ್‌ವುಡ್ ಅದನ್ನು 1990ರಲ್ಲಿ ಸಿನಿಮಾ ಮಾಡಿದಾಗ ಪಾತ್ರದ ಹೆಸರು ಜಾನ್ ವಿಲ್ಸನ್. ಹೆಸರು ಬದಲಾದರೆ ಬರೆಯುವವರ ಕೈ ಸಡಿಲ ಆಗುತ್ತದೆ, ಅಂಥ ಚಿತ್ರದಲ್ಲಿ ಮೂರನೇ ಕಾಲಂ ಉದ್ದ ಇರುತ್ತದೆ ಅಂತಲೇ ಹೊರಡಿ. ನಿರ್ದೇಶಕರು ತೀರಿಕೊಂಡ ಮೇಲೆ ಇಂಥ ಸಿನಿಮಾ ಜಾಸ್ತಿ ಬರುವುದಕ್ಕೂ ಕಾರಣ ಇದೆ. ಇಂಗ್ಲೆಂಡ್, ಅಮೆರಿಕದಲ್ಲಿ ಸತ್ತವರ ಪರವಾಗಿ ಮಾನನಷ್ಟದ ದಾವೆ ಹೂಡುವುದು ಸಾಮಾನ್ಯವಾಗಿ ಆಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಮನೆಯವರ ಮನಸ್ಸು ನೋಯಿಸುವ ಉದ್ದೇಶದಿಂದ ಸತ್ತವರ ಹೆಸರು ಕೆಡಿಸಿದರೂ ಕ್ರಿಮಿನಲ್ ಕಾನೂನಿನಲ್ಲಿ ಅಪರಾಧ ಆಗಬಹುದು.

ಸರಿ, ಸಿನಿಮಾ ಬಂತು. ಶಿವಮೊಗ್ಗದಲ್ಲಿ ನೋಡುವುದೆಲ್ಲಿ? ನಿಜ ಹೇಳಬೇಕೆಂದರೆ ಇಂಥವು ನಮ್ಮ ಟಾಕೀಸುಗಳಿಗೆ ಬರುವುದೇ ಕಡಿಮೆ. ಬಂದರೂ ಯಾವುದೋ ಹೊತ್ತಲ್ಲದ ಹೊತ್ತಿಗೆ ಒಂದೇ ಶೋ ಇಟ್ಟು ವಾರದೊಳಗೆ ಎತ್ತಿಬಿಡುತ್ತಾರೆ. ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವದ ಪಟ್ಟಿ ಮೇಲೆ ಒಂದು ಕಣ್ಣಿಡಿ. ತಾಳಗುಪ್ಪದಿಂದ ಬರುವ ರಾತ್ರಿ ರೈಲಿಗೆ ಸಾಗರದವರೂ ಶಿವಮೊಗ್ಗದವರೂ ಒಟ್ಟಿಗೆ ಹತ್ತಬಹುದು, ಟಿಕೆಟ್ ಮಾತ್ರ ಮೊದಲೇ ಮಾಡಿಸಿ. ಇಲ್ಲದಿದ್ದರೆ ಒಟಿಟಿಗೆ ಬರುವ ತನಕ ತಾಳ್ಮೆ.

ಮನೆಯಲ್ಲಿ ನೋಡುವುದಾದರೆ ಮಳೆಗಾಲ ಅಂತ ನೆನಪಿರಲಿ. ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈನಲ್ಲಿ ಕರೆಂಟ್ ನಂಬಿ ಎರಡೂವರೆ ಗಂಟೆಯ ಸಿನಿಮಾ ಹಾಕುವವರ ಧೈರ್ಯ ಮೆಚ್ಚಬೇಕು. ನೆಟ್ ಇರುವಾಗಲೇ ಆ್ಯಪ್ ಒಳಗೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಯುಪಿಎಸ್ ಇರುವವರ ಮನೆ ಆರಿಸಿ. ಡಬ್ಬಿಂಗ್ ಬೇಡ, ಮೂಲ ಭಾಷೆಯ ಆಡಿಯೋ ಇಟ್ಟು ಸಬ್‌ಟೈಟಲ್ ಹಾಕಿ. ಇಂಥ ಚಿತ್ರದಲ್ಲಿ ನಟ ಆ ನಿರ್ದೇಶಕನ ದನಿಯನ್ನು ಹೇಗೆ ಹಿಡಿದಿದ್ದಾನೆ ಅನ್ನುವುದೇ ಅರ್ಧ ಮಜಾ. ಸಬ್‌ಟೈಟಲ್ ಓದಲಾಗದ ಅತ್ತೆಯೋ ಅಜ್ಜನೋ ಜೊತೆಗೆ ಕೂತರೆ ಮೊದಲೇ ಕಥೆ ಹೇಳಿಬಿಡಿ, ನಡುವೆ ಪಿಸುಗುಟ್ಟಬೇಡಿ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿ, ಜಗತ್ತಿನ ಸಿನಿಮಾಗಳನ್ನು ಹಳ್ಳಿಯ ಜನರಿಗೆ ತೋರಿಸಿದ್ದರು. ಅಡಿಕೆ ತೋಟದವರು ಅರ್ಥ ಮಾಡಿಕೊಂಡಿದ್ದಾರೆ, ನಿಮ್ಮ ಅತ್ತೆಗೂ ಆಗುತ್ತದೆ. ಒಂದು ಮಾತು, ನಾಲ್ಕು ಜನ ಮನೆಯಲ್ಲಿ ನೋಡುವುದು ಬೇರೆ. ಹಾಲ್ ಹಿಡಿದು ಊರವರಿಗೆಲ್ಲ ತೋರಿಸಲು ಒಟಿಟಿ ಖಾತೆ ಸಾಲದು, ಪ್ರದರ್ಶನದ ಹಕ್ಕು ಇರುವವರ ಒಪ್ಪಿಗೆ ಬೇಕು.

ಮುಗಿದ ಮೇಲೆ ತಕ್ಷಣ ವಾದಕ್ಕೆ ಇಳಿಯಬೇಡಿ. ಮಂಡಕ್ಕಿ ಕಲಸಿ, ಕಾಫಿಗೆ ಇಡಿ. ಆಮೇಲೆ ಎಲ್ಲರೂ ತಮಗೆ ಜಾಸ್ತಿ ತಟ್ಟಿದ ಒಂದು ದೃಶ್ಯ ಹೇಳಲಿ, ಅದು ಯಾವ ಕಾಲಮ್ಮಿಗೆ ಸೇರುತ್ತದೆ ಅಂತ ಗುಂಪು ತೀರ್ಮಾನಿಸಲಿ. ಒಪ್ಪಿಗೆ ಆಗದ ದೃಶ್ಯಗಳನ್ನು ಗುರುತು ಹಾಕಿ, ಆಧಾರ ಪುಸ್ತಕದಲ್ಲಿ ಅಷ್ಟು ಭಾಗವನ್ನು ಒಬ್ಬರು ಓದಿಕೊಂಡು ಬರಲಿ. ಇನ್ನು ಮುಂದೆ ಅವನ ಸಿನಿಮಾ ನೋಡಬೇಕೋ ಬೇಡವೋ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಗುಂಪಿನ ತೀರ್ಮಾನ ಬೇಕಿಲ್ಲ. ನೋಡಲ್ಲ ಅನ್ನುವವರನ್ನು ಒತ್ತಾಯ ಮಾಡಬೇಡಿ, ನೋಡುತ್ತೇನೆ ಅನ್ನುವವರಿಗೆ ಪೆನ್‌ಡ್ರೈವ್ ಬದಲು ಒಟಿಟಿ ಲಿಂಕ್ ಕಳಿಸಿ.